ಫೈಬರ್ ಇರಲಿ, ಜೊತೆಗೆ ಬರುವ ಇಮೇಲ್ ಬೇಡ: ಬದಿಯಡ್ಕದ ಮುದ್ರಣಾಲಯದಿಂದ ಒಂದು ವಿಮರ್ಶೆ

ವೇಗ ಎಷ್ಟು, ದರ ಎಷ್ಟು, ತಿಂಗಳಿಗೆ ಡೇಟಾ ಎಷ್ಟು ಎಂಬುದೆಲ್ಲ ಫೈಬರ್ ಇಂಟರ್ನೆಟ್ ಕೊಡುವ ಕಂಪನಿಯ ದರಪಟ್ಟಿಯಲ್ಲಿದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಬರೆಯಲು ಕುಳಿತದ್ದು ವ್ಯಾಪಾರಿಗಳ ಪ್ಯಾಕೇಜಿನ ಜೊತೆಯಲ್ಲಿ ‘ಉಚಿತ’ವೆಂದು ಬರುವ ಇಮೇಲ್ ಸೇವೆಯ ಬಗ್ಗೆ. ನಮ್ಮದೇ ಡೊಮೈನಿನ (ಅಂತರ್ಜಾಲ ವಿಳಾಸದ) ಹೆಸರಿನಲ್ಲಿ ಐದು ಮೇಲ್‌ಬಾಕ್ಸ್, ಕಂಪನಿಯ ಸರ್ವರಿನಲ್ಲಿ ಜಾಗ, ಸ್ಪ್ಯಾಮ್ ಎಂಬ ಬೇಡದ ಪತ್ರಗಳನ್ನು ಸೋಸುವ ವ್ಯವಸ್ಥೆ, ಇಷ್ಟು ಅದರಲ್ಲಿ ಸೇರಿದೆ. ಕಂಪನಿಯ ಹೆಸರನ್ನು ಬಿಟ್ಟಿದ್ದೇನೆ, ಏಕೆಂದರೆ ಇದೇ ಬಗೆಯ ದೂರನ್ನು ಬೇರೆ ಕಂಪನಿಗಳ ಗ್ರಾಹಕರಿಂದಲೂ, ಕುಂಬಳೆಯಿಂದ ಮುಳ್ಳೇರಿಯದವರೆಗೆ, ಕೇಳಿದ್ದೇನೆ.

ನನ್ನ ಬಳಕೆ ಎಂಥದ್ದೆಂದು ಮೊದಲು ಹೇಳಬೇಕು. ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿರುವ ಸಣ್ಣ ಮುದ್ರಣಾಲಯ. ಮದುವೆ, ಉಪನಯನಗಳ ಆಮಂತ್ರಣ ಪತ್ರಿಕೆ, ಬ್ರಹ್ಮಕಲಶೋತ್ಸವದ ಪುಸ್ತಿಕೆ, ಬಯಲಾಟದ ಕರಪತ್ರ, ಸಹಕಾರಿ ಸಂಘದ ರಶೀದಿ ಪುಸ್ತಕ ಇವೇ ನಮ್ಮ ಕೆಲಸಗಳು. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಕೇರಳ, ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚುವವರೆಗೆ ಗಿರಾಕಿಗಳು ಅಂಗಡಿಗೇ ಬಂದು ಕರಡು ತಿದ್ದುತ್ತಿದ್ದರು, ಪುಟಗಳು ಪೆನ್‌ಡ್ರೈವಿನಲ್ಲಿ ಬಸ್ಸು ಹತ್ತಿ ಮಂಗಳೂರಿಗೆ ಅಚ್ಚಿನ ಪ್ಲೇಟ್ ಮಾಡಿಸಲು ಹೋಗುತ್ತಿದ್ದವು. ಗಡಿ ಮುಚ್ಚಿದಾಗ ಇಮೇಲ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ತೆರೆದ ಮೇಲೂ ಅದೇ ಅಭ್ಯಾಸ ಉಳಿಯಿತು. ವಾಟ್ಸಾಪ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಬಂದ ಫೋಟೋ ಅಚ್ಚಿಗೆ ಸಾಲುವಷ್ಟು ಸ್ಪಷ್ಟವಾಗಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ‘ಈ ಕರಡಿನಂತೆ ಅಚ್ಚು ಹಾಕಬಹುದು’ ಎಂಬ ಒಪ್ಪಿಗೆ ಬರಹದಲ್ಲಿ, ತಾರೀಖಿನೊಂದಿಗೆ, ಒಂದೇ ಕಡೆ ಇರಬೇಕು; ಸಾವಿರ ಪ್ರತಿ ಅಚ್ಚಾದ ಮೇಲೆ ‘ನಾವು ಮುಹೂರ್ತ ಬದಲಿಸಲು ಹೇಳಿದ್ದೆವು’ ಎಂಬ ಮಾತು ಬಂದಾಗ ತೆರೆದು ತೋರಿಸಲು ಅದೊಂದೇ ದಾಖಲೆ.

ಹಾಗಾಗಿ ನಮ್ಮ ದಿನ ಇಮೇಲಿನಿಂದಲೇ ತೊಡಗುತ್ತದೆ. ಬಾಗಿಲು ತೆರೆದು, ಗಣಪತಿಯ ಪಟಕ್ಕೆ ದೀಪ ಹಚ್ಚಿ, ಯುಪಿಎಸ್ ಒತ್ತಿ, ಯಂತ್ರದ ರೋಲರಿಗೆ ಶಾಯಿ ಹತ್ತುವ ಹೊತ್ತಿಗೆ ನಾನು ಇಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್ ತೆರೆದು ಕುಳಿತಿರುತ್ತೇನೆ. ಶಾರ್ಜಾದಲ್ಲಿರುವ ಮಗ, ಮುಂಬಯಿಯಲ್ಲಿರುವ ಚಿಕ್ಕಪ್ಪ, ಬೆಂಗಳೂರಿನ ಸೊಸೆ, ಎಲ್ಲರೂ ರಾತ್ರಿ ಕೆಲಸ ಮುಗಿಸಿ ಕರಡು ನೋಡುವವರು. ಅವರ ತಿದ್ದುಪಡಿಗಳು ಬೆಳಗ್ಗೆ ಸಾಲಾಗಿ ಬಂದಿರುತ್ತವೆ. ಗೋತ್ರದ ಹೆಸರಿನ ಒತ್ತಕ್ಷರ, ದಿವಂಗತರ ಹೆಸರಿನ ಹಿಂದಿನ ‘ದಿ|’, ಮಲಯಾಳದ ಬದಿಯಲ್ಲಿ ಮನೆ ಹೆಸರಿನ ದೀರ್ಘ ತಪ್ಪಿರುವುದು, ಇವುಗಳನ್ನು ಒಂದೊಂದಾಗಿ ಗುರುತು ಹಾಕಿ, ತಿದ್ದಿದ ಪಿಡಿಎಫ್ ಮರಳಿ ಕಳಿಸಿ, ಚಾ ಕುಡಿಯಲು ಏಳುವುದು ನನಗೆ ಈ ವೃತ್ತಿಯಲ್ಲಿ ಬಹಳ ಇಷ್ಟವಾದ ಹೊತ್ತು.

ಸಂಪರ್ಕದ ವಿಷಯದಲ್ಲಿ ನನಗೆ ದೂರಿಲ್ಲ. ಮಳೆಗಾಲದಲ್ಲಿ ಕಂಗಿನ ಮರ ಬಿದ್ದು ಕೇಬಲ್ ತುಂಡಾದರೆ ಲೈನಿನ ಹುಡುಗ ಅದೇ ದಿನ ಬರುತ್ತಾನೆ, ಗುಡುಗು ಕೇಳಿದ ಕೂಡಲೇ ‘ಅಣ್ಣಾ, ಪೆಟ್ಟಿಗೆಯ ಪ್ಲಗ್ ತೆಗೆದಿಡಿ’ ಎಂದು ತಾನಾಗಿ ಫೋನ್ ಮಾಡುತ್ತಾನೆ. ಇಂಥ ಸೇವೆ ದೊಡ್ಡ ಪಟ್ಟಣಗಳಲ್ಲಿರುವವರಿಗೂ ಸುಲಭವಾಗಿ ಸಿಗುವುದಿಲ್ಲ. ಆ ಹುಡುಗನ ಕೈಯಲ್ಲಿ ಮೇಲ್ ಸರ್ವರೂ ಇದ್ದಿದ್ದರೆ ಈ ವಿಮರ್ಶೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಬ್ರಹ್ಮಕಲಶದ ಪುಸ್ತಿಕೆಯೊಂದರ ಕೆಲಸ ನಡೆಯುತ್ತಿದ್ದಾಗ ತೊಂದರೆಯ ನಿಜರೂಪ ತಿಳಿಯಿತು. ಸಮಿತಿಯ ಕಾರ್ಯದರ್ಶಿ ನಿವೃತ್ತ ಅಧ್ಯಾಪಕರು. ದಾನಿಗಳ ಪಟ್ಟಿಯನ್ನು ತಿದ್ದುತ್ತಿದ್ದವರು ಮುಂಬಯಿಯಲ್ಲಿರುವ ಅವರ ತಮ್ಮ. ಒಂದು ಮಧ್ಯಾಹ್ನ ಮಾಷ್ಟ್ರು ಫೋನ್ ಮಾಡಿ, ‘ನನ್ನ ತಮ್ಮ ಒಪ್ಪಿಗೆ ಕಳಿಸಿ ಎರಡು ದಿನ ಆಯ್ತಲ್ಲ, ಇನ್ನೂ ಪ್ಲೇಟ್ ಮಾಡಿಸಿಲ್ಲವಾ?’ ಎಂದರು. ‘ಮಾಷ್ಟ್ರೇ, ನನಗೆ ಏನೂ ಬಂದಿಲ್ಲ’ ಎಂದೆ. ಇನ್‌ಬಾಕ್ಸಿನಲ್ಲಿ ಇರಲಿಲ್ಲ, ಸ್ಪ್ಯಾಮ್ ಫೋಲ್ಡರಿನಲ್ಲಿ ಇರಲಿಲ್ಲ, ಕಳಿಸಿದವರಿಗೆ ಮರಳಿಯೂ ಹೋಗಿರಲಿಲ್ಲ. ಇಬ್ಬರ ಮಾತೂ ಸತ್ಯ, ಆದರೂ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂಬ ಅನುಮಾನ ಇಬ್ಬರಲ್ಲೂ ಹುಟ್ಟುವಂಥ ಸ್ಥಿತಿ.

ಪುಣ್ಯಕ್ಕೆ ಆ ತಮ್ಮ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸರ್ವರುಗಳನ್ನೇ ನೋಡಿಕೊಳ್ಳುವವರು. ತಮ್ಮ ಕಡೆಯ ಸರ್ವರಿನ ಲಾಗ್ (ನಡೆದದ್ದರ ದಾಖಲೆ) ತೆಗೆದು ಸಾಲೊಂದನ್ನು ಕಳಿಸಿದರು. ನಮ್ಮ ಕಂಪನಿಯ ಸರ್ವರ್ ಆ ಪತ್ರಕ್ಕೆ ‘250’ ಎಂದು ಉತ್ತರಿಸಿತ್ತು, ತನ್ನ ಸರತಿಯಲ್ಲಿ ಆ ಪತ್ರಕ್ಕಿರುವ ಗುರುತುಸಂಖ್ಯೆಯನ್ನೂ ಕೊಟ್ಟಿತ್ತು.

ಆ ಮೂರು ಅಂಕಿಗಳ ಅರ್ಥ ಇಷ್ಟು. ಎಸ್‌ಎಂಟಿಪಿ ಎಂಬ ನಿಯಮಾವಳಿಯಂತೆ ಎರಡು ಸರ್ವರುಗಳು ಮಾತಾಡುವಾಗ, ಪಡೆಯುವ ಸರ್ವರಿಗೆ ಮುಖ್ಯವಾಗಿ ಮೂರು ಬಗೆಯ ಉತ್ತರಗಳಿವೆ. 4ರಿಂದ ಶುರುವಾಗುವ ಸಂಖ್ಯೆ ಕೊಟ್ಟರೆ ‘ಈಗ ಆಗದು, ಸ್ವಲ್ಪ ಹೊತ್ತಿನ ಬಳಿಕ ಬಾ’ ಎಂದು; 5ರಿಂದ ಶುರುವಾದರೆ ‘ಈ ಪತ್ರ ನನಗೆ ಬೇಡ’ ಎಂದು; 250 ಎಂದರೆ ‘ಪಡೆದುಕೊಂಡೆ, ಇನ್ನು ಹೊಣೆ ನನ್ನದು’ ಎಂದು. 250 ಹೇಳಿದ ಮೇಲೆ ಪತ್ರವನ್ನು ಸೇರಬೇಕಾದವರಿಗೆ ತಲುಪಿಸಬೇಕು, ಆಗದಿದ್ದರೆ ಕಳಿಸಿದವರಿಗೆ ತಿಳಿಸಬೇಕು. ಇದು 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಇಂಟರ್ನೆಟ್ಟಿನ ನಿಯಮ ದಾಖಲೆ ಆರ್‌ಎಫ್‌ಸಿ 821ರ ಕಾಲದಿಂದ ಬಂದ ಕಟ್ಟಲೆ. 2008ರ ಆರ್‌ಎಫ್‌ಸಿ 5321 ಕೂಡ ಇದನ್ನೇ ಹೇಳುತ್ತದೆ. ಸ್ಪ್ಯಾಮಿನ ಕಾಟದಿಂದಾಗಿ ಸದ್ದಿಲ್ಲದೆ ಎಸೆಯುವುದು ರೂಢಿಯಲ್ಲಿದೆ ಎಂಬುದನ್ನು ಆ ದಾಖಲೆ ಒಪ್ಪುತ್ತದೆ, ಆದರೆ ಅದು ಬಹಳ ಅಪಾಯಕಾರಿ, ಪತ್ರ ಮೋಸದ್ದೇ ಎಂಬುದು ಹೆಚ್ಚುಕಡಿಮೆ ಖಚಿತವಾದಾಗ ಮಾತ್ರ ಹಾಗೆ ಮಾಡಬಹುದು ಎಂದೂ ಎಚ್ಚರಿಸುತ್ತದೆ. ನಮ್ಮ ಕಂಪನಿ ಮಾಡಿದ್ದು, ರಿಜಿಸ್ಟರ್ ಪತ್ರಕ್ಕೆ ಸಹಿ ಹಾಕಿ ಪಡೆದು, ಮನೆಯವರಿಗೆ ಕೊಡದೆ ತೋಟದ ಕೆರೆಗೆ ಎಸೆದ ಕೆಲಸ. ದಾನಿಗಳ ಪಟ್ಟಿಯಲ್ಲಿ ಹೆಚ್ಚುಕಡಿಮೆ ಖಚಿತವಾದ ಮೋಸ ಏನು ಕಂಡಿತೋ ದೇವರೇ ಬಲ್ಲ.

ಗುರುತುಸಂಖ್ಯೆಯನ್ನು ಹಿಡಿದು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ‘ಸಾರೇ, ಸೆರ್ವರ್ ಓಕೆಯಾಣಲ್ಲೋ’ ಎಂಬ ಉತ್ತರ ಬಂತು. ಸರ್ವರ್ ಓಕೆ ಎಂಬುದರಲ್ಲಿ ನನಗೂ ಸಂಶಯವಿರಲಿಲ್ಲ. ಪತ್ರವನ್ನು ಪಡೆದಿದೆ ಎಂಬುದೇ ನನ್ನ ವಾದ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಬಹುದು, ಖಾಸಗಿ ಕಂಪನಿಯ ದೂರು ನಮೂನೆ ಮಾತ್ರ ಇಂಗ್ಲಿಷ್ ಮತ್ತು ಮಲಯಾಳದಲ್ಲಷ್ಟೇ ಇದೆ. ನನಗೆ ಮಲಯಾಳ ಬರುತ್ತದೆ, ಆದ್ದರಿಂದ ಜಗಳ ಭಾಷೆಯದ್ದಾಗಲಿಲ್ಲ. ಹಲವು ಫೋನುಗಳ ಬಳಿಕ ಕೊಚ್ಚಿಯಲ್ಲಿರುವ ತಾಂತ್ರಿಕ ವಿಭಾಗದವರೊಬ್ಬರು ವಿಷಯ ಒಪ್ಪಿಕೊಂಡರು: ಸೋಸುವ ತಂತ್ರಾಂಶದಲ್ಲಿ ಸ್ಪ್ಯಾಮ್ ಎಂಬ ಅನುಮಾನಕ್ಕೆ ಕೊಡುವ ಅಂಕ ಒಂದು ಮಿತಿಗಿಂತ ಹೆಚ್ಚಾದ ಪತ್ರಗಳನ್ನು ಸ್ಪ್ಯಾಮ್ ಫೋಲ್ಡರಿಗೂ ಹಾಕದೆ ಅಳಿಸಿಬಿಡುತ್ತಾರಂತೆ. ಡಿಸ್ಕಿನ ಜಾಗ ಉಳಿಸಲು.

ನ್ಯಾಯವಾಗಿ ಹೇಳಬೇಕೆಂದರೆ ಈ ರೋಗಕ್ಕೊಂದು ಇತಿಹಾಸವಿದೆ. ಮೊದಲ ಸ್ಪ್ಯಾಮ್ ಎಂದು ಹೇಳಲಾಗುವ ಜಾಹೀರಾತು ಪತ್ರ 1978ರ ಮೇ 3ರಂದು ಇಂಟರ್ನೆಟ್ಟಿಗೆ ಮುಂಚಿನ ಜಾಲವಾದ ಅರ್ಪಾನೆಟ್‌ನಲ್ಲಿ ಸುಮಾರು 400 ಮಂದಿಗೆ ಹೋಯಿತು, ಕಳಿಸಿದವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುರ್ಕ್. ಆದರೂ ನಾಲ್ಕು ವರ್ಷಗಳ ಬಳಿಕ ಬಂದ ಎಸ್‌ಎಂಟಿಪಿಯಲ್ಲಿ ‘ಕಳಿಸಿದವರು’ ಎಂಬ ಜಾಗದಲ್ಲಿ ಯಾರ ವಿಳಾಸವನ್ನಾದರೂ ಬರೆಯಬಹುದಿತ್ತು. ಎಲ್ಲರೂ ಎಲ್ಲರಿಗೂ ಪರಿಚಿತರಾಗಿದ್ದ ಕಾಲವದು. 2003ರ ಆಗಸ್ಟಿನ ಸೋಬಿಗ್, 2004ರ ಜನವರಿಯ ಮೈಡೂಮ್‌ನಂಥ ವರ್ಮುಗಳು (ತಾವಾಗಿ ಹರಡುವ ವೈರಸ್ಸುಗಳು) ಸುಳ್ಳು ವಿಳಾಸಗಳಿಂದ ರಾಶಿ ರಾಶಿ ಪತ್ರ ಹೊರಡಿಸಿದಾಗ, ಸರ್ವರುಗಳು ಮೊದಲು ಪತ್ರವನ್ನು ಪಡೆದು, ಆಮೇಲೆ ಪರೀಕ್ಷಿಸಿ, ‘ತಲುಪಿಸಲಾಗಲಿಲ್ಲ’ ಎಂಬ ಉತ್ತರವನ್ನು ಪಾಪ ಏನೂ ಅರಿಯದವರಿಗೆ ಕಳಿಸತೊಡಗಿದವು. ಆ ಉತ್ತರಗಳೇ ಇನ್ನೊಂದು ಹಾವಳಿಯಾದವು. ಅದನ್ನು ತಪ್ಪಿಸಲು ಹಲವು ಕಂಪನಿಗಳು ಉತ್ತರ ಕಳಿಸುವುದನ್ನೇ ನಿಲ್ಲಿಸಿ, ಪಡೆದು ಎಸೆಯುವ ಸುಲಭದ ದಾರಿ ಹಿಡಿದವು.

ಸರಿಯಾದ ದಾರಿ ಅದಲ್ಲ. ಪತ್ರವನ್ನು ಪೂರ್ತಿ ಕೇಳಿಸಿಕೊಂಡು, 250 ಹೇಳುವ ಮೊದಲೇ ಪರೀಕ್ಷಿಸಿ, ಬೇಡವಾದರೆ ಅದೇ ಮಾತುಕತೆಯಲ್ಲಿ 550 ಎಂದು ನಿರಾಕರಿಸಬಹುದು. ಆಗ ನಮ್ಮ ಸರ್ವರು ಯಾರಿಗೂ ಉತ್ತರ ಕಳಿಸಬೇಕಾಗಿಲ್ಲ. ಕಳಿಸಿದವರ ಸರ್ವರೇ ತನ್ನ ಬಳಕೆದಾರನಿಗೆ ‘ಹೋಗಲಿಲ್ಲ’ ಎಂದು ತಿಳಿಸುತ್ತದೆ. ಮುಂಬಯಿಯ ತಮ್ಮನಿಗೆ ಅಂಥ ಒಂದು ಸೂಚನೆ ಸಿಕ್ಕಿದ್ದರೆ ಅವರು ಐದು ನಿಮಿಷದಲ್ಲಿ ಫೋನ್ ಮಾಡುತ್ತಿದ್ದರು. ಹಾಗೆ ಕೂಡಲೇ ಪರೀಕ್ಷಿಸಲು ಹೆಚ್ಚು ಸಾಮರ್ಥ್ಯದ ಯಂತ್ರ ಬೇಕಾಗುತ್ತದೆ ಎಂಬುದು ಕೊಚ್ಚಿಯವರ ಸಮಜಾಯಿಷಿ. ಇದನ್ನು ಕೇಳಿದ ದಿನದಿಂದ ‘ಉಚಿತ’ ಎಂಬ ಮಾತಿನ ಬಗ್ಗೆ ನನಗಿದ್ದ ದಾಕ್ಷಿಣ್ಯ ಹೋಯಿತು, ಪ್ಯಾಕೇಜಿನ ಹಣವನ್ನು ನಾನು ಶೇಕಡಾ 18 ಜಿಎಸ್‌ಟಿ ಸಹಿತ ಮುಂಗಡ ಕಟ್ಟುತ್ತೇನೆ.

ಅಳಿಸದೆ ಉಳಿಸಿದ ಸ್ಪ್ಯಾಮಿನ ಕಥೆಯೂ ಹೆಚ್ಚೇನೂ ಒಳ್ಳೆಯದಲ್ಲ. ಆ ಫೋಲ್ಡರ್ ಥಂಡರ್‌ಬರ್ಡಿನಲ್ಲಿ ಕಾಣುವುದಿಲ್ಲ; ಪ್ರತಿದಿನ ಜಾಲತಾಣಕ್ಕೆ ಹೋಗಿ, ವಕ್ರ ಅಕ್ಷರಗಳ ಪರೀಕ್ಷೆ ಪಾಸಾಗಿ ನೋಡಬೇಕು, ಒಂದು ವಾರ ಕಳೆದದ್ದು ಅಲ್ಲಿಂದಲೂ ಮಾಯ. ವಿದೇಶಿ ಲಾಟರಿ, ಸಾಲ, ಸತ್ತ ಶ್ರೀಮಂತರ ಆಸ್ತಿ ಇವುಗಳ ನಡುವೆ ನಮ್ಮ ಗಿರಾಕಿಗಳ ಪತ್ರ ಹೆಕ್ಕುವುದು ನನ್ನ ಸಂಜೆಯ ಕೆಲಸವಾಗಿತ್ತು. ಪತ್ರದ ಹೆಡರ್ (ಅದರ ತಾಂತ್ರಿಕ ವಿವರಗಳಿರುವ ತಲೆಭಾಗ) ತೆರೆದು ನೋಡುತ್ತಾ ನೋಡುತ್ತಾ ಒಂದು ಸಂಗತಿ ಹೊಳೆಯಿತು. ಅಂಕ ಹೆಚ್ಚು ಬೀಳುತ್ತಿದ್ದದ್ದು ಕನ್ನಡದ ಪತ್ರಗಳಿಗೆ, ಅದರಲ್ಲೂ ಎರಡು ಬಗೆಯವಕ್ಕೆ. ಮೊದಲನೆಯದು, ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿ ಪತ್ರದೊಳಗೇ ಅಂಟಿಸಿದ್ದು. ಆ ಫಾಂಟ್ ಇಲ್ಲದ ಕಡೆ ಅದು ತಲೆಯ ಮೇಲೆ ಗೀಟು, ಸೊನ್ನೆ ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ. ಯಂತ್ರಕ್ಕೆ ಅದು ಭಾಷೆಯೇ ಅಲ್ಲ. ಎರಡನೆಯದು, ಯೂನಿಕೋಡಿನ ಕನ್ನಡದಲ್ಲಿ ಒಂದೆರಡು ಸಾಲು ಬರೆದು ಪಿಡಿಎಫ್ ಲಗತ್ತಿಸಿದ್ದು. ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಯುಟಿಎಫ್-8 ಎಂಬ ಸಂಕೇತಪದ್ಧತಿಯಲ್ಲಿ ಮೂರು ಬೈಟ್ ಬೇಕು, ಅದು ಕೆಲವು ಬಗೆಯ ಮೇಲ್ ಸಂಕೇತೀಕರಣದಲ್ಲಿ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಬಿಚ್ಚಿ ಓದುವಷ್ಟು ವ್ಯವಧಾನವಿಲ್ಲದ ನಿಯಮಗಳಿಗೆ ‘ಒಪ್ಪಿಗೆ, ಅಚ್ಚು ಹಾಕಿ’ ಎಂಬ ಎರಡು ಮಾತೂ ಗೂಢಲಿಪಿಯಂತೆ ಕಾಣುತ್ತದೆ. ಸ್ಪ್ಯಾಮ್ ಅಸಾಸಿನ್ ಎಂಬ ಹೆಸರುವಾಸಿ ತಂತ್ರಾಂಶದಲ್ಲಿ 5 ಅಂಕ ದಾಟಿದರೆ ಸ್ಪ್ಯಾಮ್ ಎನ್ನುವುದು ಮೊದಲೇ ಇಟ್ಟಿರುವ ಮಿತಿ; ಯಾವ ನಿಯಮಕ್ಕೆ ಎಷ್ಟು ಅಂಕ ಎಂಬುದನ್ನು ಸರ್ವರ್ ನಡೆಸುವವರು ತಮ್ಮ ಗ್ರಾಹಕರ ಭಾಷೆ ನೋಡಿ ಬದಲಿಸಿಕೊಳ್ಳಬಹುದು. ಕಾಸರಗೋಡಿನಲ್ಲಿ ವ್ಯಾಪಾರ ಮಾಡುವ ಕಂಪನಿಗೆ ಅಷ್ಟು ಹೊಳೆಯಬೇಕಿತ್ತು.

ಹೊರಹೋಗುವ ಪತ್ರಗಳ ಅವಸ್ಥೆ ಬೇರೆ. ಕಂಪನಿಯ ಗ್ರಾಹಕರೆಲ್ಲರ ಮೇಲ್ ಒಂದೆರಡು ಐಪಿ ವಿಳಾಸಗಳಿಂದಲೇ (ಜಾಲದಲ್ಲಿ ಸರ್ವರನ್ನು ಗುರುತಿಸುವ ಸಂಖ್ಯೆ) ಹೊರಡುತ್ತದೆ. ಎಲ್ಲೋ ಒಬ್ಬರ ಕಂಪ್ಯೂಟರಿಗೆ ವೈರಸ್ ತಗುಲಿ ರಾತ್ರಿಯಿಡೀ ಸ್ಪ್ಯಾಮ್ ಕಕ್ಕಿದರೆ, ಆ ಐಪಿ ಕಪ್ಪುಪಟ್ಟಿಗೆ ಸೇರಿ, ಬೆಳಗ್ಗೆ ನನ್ನ ಕರಡುಗಳೆಲ್ಲ ಮರಳಿ ಬರುತ್ತವೆ. ಇಂಥ ಪಟ್ಟಿಗಳು ಹೊಸತಲ್ಲ. ಇಂಟರ್ನೆಟ್ ತಂತ್ರಜ್ಞ ಪಾಲ್ ವಿಕ್ಸಿಯವರ ಪಟ್ಟಿ 1997ರದ್ದು, ಅಂಥದ್ದೇ ಪಟ್ಟಿ ಮಾಡುವ ಸ್ಪ್ಯಾಮ್‌ಹಾಸ್ 1998ರಲ್ಲಿ ಹುಟ್ಟಿದ್ದು. ಒಬ್ಬ ಗ್ರಾಹಕ ಗಂಟೆಗೆ ಇಂತಿಷ್ಟೇ ಪತ್ರ ಕಳಿಸಬಹುದೆಂಬ ಮಿತಿ ಹಾಕಿದರೆ ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮವರು ಅದನ್ನು ಮಾಡದೆ ಐಪಿಯನ್ನು ಬದಲಿಸಿದರು. ಹೊಸ ಐಪಿ ಯಾವ ಹೆಸರಿನದ್ದೆಂದು ಹೇಳುವ ರಿವರ್ಸ್ ಡಿಎನ್‌ಎಸ್ ದಾಖಲೆ ಇರಲಿಲ್ಲ, ನಮ್ಮ ಹೆಸರಿನಲ್ಲಿ ಯಾವ ಐಪಿಗಳು ಪತ್ರ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ಹಳೆಯ ಐಪಿಯೇ ಉಳಿದಿತ್ತು, ಪತ್ರ ನಮ್ಮ ಡೊಮೈನಿನದ್ದೇ ಎಂದು ತೋರಿಸುವ ಡಿಕೆಐಎಂ ಎಂಬ ಡಿಜಿಟಲ್ ಸಹಿಯಂತೂ ಮೊದಲಿಂದಲೂ ಇಲ್ಲ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಯಾರೇ ಪತ್ರ ಕಳಿಸಲಿ, ಎಸ್‌ಪಿಎಫ್ ಅಥವಾ ಡಿಕೆಐಎಂ ಎರಡರಲ್ಲೊಂದು ಮತ್ತು ಸರಿಯಾದ ರಿವರ್ಸ್ ಡಿಎನ್‌ಎಸ್ ಇರಲೇಬೇಕು. ದಿನಕ್ಕೆ 5000ಕ್ಕಿಂತ ಹೆಚ್ಚು ಕಳಿಸುವವರಿಗೆ ಇವೆರಡರ ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ದಾಖಲೆ ಕೂಡ ಬೇಕು. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಜಿಮೇಲಿನವರು. ‘550 5.7.26’ ಎಂಬ ಜಿಮೇಲಿನ ನಿರಾಕರಣೆಯ ಸಂಖ್ಯೆ ನನಗೆ ಬಾಯಿಪಾಠವಾಯಿತು. ಆದರೂ ಇದನ್ನು ನಾನು ಮೊದಲನೆಯ ದೋಷದಷ್ಟು ದೊಡ್ಡದೆಂದು ಎಣಿಸುವುದಿಲ್ಲ, ಏಕೆಂದರೆ ಪತ್ರ ಹೋಗಲಿಲ್ಲವೆಂದು ನನಗೆ ತಿಳಿಯುತ್ತಿತ್ತು, ಫೋನ್ ಎತ್ತಿ ಬೇರೆ ಉಪಾಯ ಮಾಡುತ್ತಿದ್ದೆ.

ಇದೇ ಕಂಪನಿಯ ಜಾಲದಿಂದ ನಮಗೇ ಸ್ಪ್ಯಾಮ್ ಬರತೊಡಗಿದಾಗ ‘ಅಬ್ಯೂಸ್’ ವಿಳಾಸಕ್ಕೆ ದೂರು ಬರೆದೆ. ಪ್ರತಿ ಡೊಮೈನಿನಲ್ಲೂ ಅಬ್ಯೂಸ್, ಪೋಸ್ಟ್‌ಮಾಸ್ಟರ್ ಮುಂತಾದ ವಿಳಾಸಗಳು ಇರಬೇಕೆಂಬುದು 1997ರ ಆರ್‌ಎಫ್‌ಸಿ 2142ರ ಮಾತು. ವಿಳಾಸ ಇತ್ತು. ಪುರಾವೆಗೆಂದು ಸ್ಪ್ಯಾಮಿನ ಮಾದರಿಯನ್ನು ಲಗತ್ತಿಸಿದ್ದರಿಂದ ನನ್ನ ದೂರೇ ಸ್ಪ್ಯಾಮ್ ಎಂದು ಮರಳಿ ಬಂತು! ಕನಿಷ್ಠ ಆ ವಿಳಾಸದಲ್ಲಾದರೂ ಸರ್ವರು ನಿರಾಕರಣೆಯನ್ನು ಬಾಯಿಬಿಟ್ಟು ಹೇಳುತ್ತದೆ ಎಂದು ಸಮಾಧಾನಪಟ್ಟೆ.

ಇಷ್ಟೆಲ್ಲ ಬೈದ ಮೇಲೆ ಕಂಪನಿ ಸರಿಯಾಗಿ ಮಾಡಿದ ಎರಡು ಕೆಲಸಗಳನ್ನೂ ಹೇಳಬೇಕು. ಮನೆಸಂಪರ್ಕಗಳಿಂದ 25ನೇ ಪೋರ್ಟನ್ನು (ಮೇಲ್ ಹೋಗುವ ಒಂದು ಬಾಗಿಲು) ಮುಚ್ಚಿದಾಗ ನಮ್ಮ ಪೇಟೆಯ ಕಂಪ್ಯೂಟರ್ ಅಂಗಡಿಯವರು ಗಲಾಟೆ ಮಾಡಿದರು. ನಾನು ಕಂಪನಿಯ ಪರ. ಆ ಪೋರ್ಟು ಸರ್ವರುಗಳ ನಡುವಿನ ವ್ಯವಹಾರಕ್ಕೆ. ಬಳಕೆದಾರರು ಪಾಸ್‌ವರ್ಡ್ ಕೊಟ್ಟು ಮೇಲ್ ಕಳಿಸಲು 587 ಇದೆ. ಮನೆಯ ಕಂಪ್ಯೂಟರಿಗೆ ರೋಗ ತಗುಲಿದರೂ ಅದು ನೇರವಾಗಿ ಜಗತ್ತಿಗೆಲ್ಲ ಪತ್ರ ಬರೆಯಲು ಆಗಬಾರದು. ಇನ್ನೊಂದು, ಸ್ವಲ್ಪ ಕಾಲ ನಡೆಸಿದ ಗ್ರೇಲಿಸ್ಟಿಂಗ್. ಅಪರಿಚಿತ ಸರ್ವರು ಬಂದರೆ ಮೊದಲು 451 ಎಂದು ಹಿಂದೆ ಕಳಿಸುವುದು, ಮತ್ತೆ ಬಂದರೆ ಒಳಗೆ ಬಿಡುವುದು. 2003ರಲ್ಲಿ ಇವಾನ್ ಹ್ಯಾರಿಸ್ ಸೂಚಿಸಿದ ಉಪಾಯವಿದು. ನಿಯಮ ಪಾಲಿಸುವ ಸರ್ವರು ತಪ್ಪದೆ ಮರಳಿ ಬರುತ್ತದೆ, ಅವಸರದ ಸ್ಪ್ಯಾಮ್ ಯಂತ್ರ ಹೆಚ್ಚಾಗಿ ಬರುವುದಿಲ್ಲ. ಆ ದಿನಗಳಲ್ಲಿ ನನ್ನ ಸಂಜೆಯ ಕೆಲಸ ಅರ್ಧಕ್ಕರ್ಧ ಇಳಿದಿತ್ತು, ಕನ್ನಡದ ಪತ್ರಗಳು ಸ್ವಲ್ಪ ತಡವಾದರೂ ಕಳೆದುಹೋಗುತ್ತಿರಲಿಲ್ಲ. ಆದರೆ ಬ್ಯಾಂಕಿನ ಒಟಿಪಿ ಹತ್ತು ನಿಮಿಷ ಕಳೆದು ಬಂದರೆ ಯಾರಿಗೆ ಬೇಕು? ದೂರುಗಳು ಹೆಚ್ಚಿದವು, ಗ್ರೇಲಿಸ್ಟಿಂಗ್ ಹೋಯಿತು, ಅದರ ಜಾಗಕ್ಕೆ ಅಳಿಸುವ ನಿಯಮ ಬಂತು. ಬ್ಯಾಂಕುಗಳ ಸರ್ವರುಗಳಿಗಷ್ಟೇ ವಿನಾಯಿತಿ ಕೊಟ್ಟಿದ್ದರೆ ಆಗುತ್ತಿತ್ತು.

ಕಾನೂನಿನ ಮೊರೆ ಹೋಗೋಣವೆಂದರೆ ಅಲ್ಲೂ ಹಿಡಿಯಲು ಕೊಂಬೆಯಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿ ಜಾಹೀರಾತಿನ ಫೋನು ಮತ್ತು ಎಸ್‌ಎಂಎಸ್‌ಗಳಿಗೆ ಸಂಬಂಧಿಸಿದ್ದು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯಲ್ಲಿ ಕಿರುಕುಳದ ಇಮೇಲಿನ ಪ್ರಸ್ತಾಪವಿತ್ತು. ಅದನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು, ಬೇರೆಯೇ ಆದ ಒಳ್ಳೆಯ ಕಾರಣಗಳಿಗಾಗಿ, ರದ್ದುಮಾಡಿತು.

ಹಾಗಾಗಿ ನನ್ನ ತೀರ್ಮಾನ ಹೀಗೆ: ಸಂಪರ್ಕಕ್ಕೆ ಐದರಲ್ಲಿ ನಾಲ್ಕೂವರೆ, ಇಮೇಲಿಗೆ ಒಂದು. ಫೈಬರನ್ನು ನವೀಕರಿಸಿದ್ದೇನೆ, ಮೇಲನ್ನು ಬೇರೆ ಕಡೆಗೆ ಒಯ್ದಿದ್ದೇನೆ. ಐದು ಮೇಲ್‌ಬಾಕ್ಸಿಗೆ ಹಣ ಕೊಡುವ ಶಕ್ತಿ ನನಗಿಲ್ಲ, ಎರಡು ಸಾಕು, ಒಂದು ಕರಡಿಗೆ, ಒಂದು ಲೆಕ್ಕಪತ್ರಕ್ಕೆ. ತಡೆದ ಪತ್ರಗಳ ಪಟ್ಟಿಯನ್ನು ಹೊಸ ಸೇವೆಯವರು ದಿನಕ್ಕೊಮ್ಮೆ ಕಳಿಸುತ್ತಾರೆ. ಬೆಳಗಿನ ಚಾದ ಜೊತೆ ಅದನ್ನೊಮ್ಮೆ ಓದಿದರೆ ಆಯಿತು.

ಬದಲಾಯಿಸುವಾಗ ಕೊನೆಯ ಕಿರಿಕಿರಿಯೊಂದು ಕಾದಿತ್ತು. ನಮ್ಮ ಪತ್ರಗಳು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಬದಲಿಸಿದ ಮೇಲೆ ದೂರದ ಶಾರ್ಜಾ, ಮುಂಬಯಿಗಳ ಪತ್ರಗಳು ಹೊಸ ಕಡೆಗೆ ಬರತೊಡಗಿದವು. ಇದೇ ಪ್ಯಾಕೇಜಿನ ಮೇಲ್ ಬಳಸುವ ಎದುರಿನ ಬಟ್ಟೆ ಅಂಗಡಿಯವರದ್ದು, ಸಹಕಾರಿ ಸಂಘದವರದ್ದು ಮಾತ್ರ ಬರಲಿಲ್ಲ. ಕಂಪನಿಯ ಸರ್ವರು ನಮ್ಮ ಡೊಮೈನನ್ನು ತನ್ನದೇ ಎಂದು ಇನ್ನೂ ನಂಬಿಕೊಂಡು, ಎಂಎಕ್ಸ್ ದಾಖಲೆಯನ್ನು ನೋಡುವ ಗೊಡವೆಗೇ ಹೋಗದೆ, ಆ ಪತ್ರಗಳನ್ನೆಲ್ಲ ಹಳೆಯ ಮೇಲ್‌ಬಾಕ್ಸಿಗೇ ಹಾಕುತ್ತಿತ್ತು. ಇದನ್ನು ಸರಿಪಡಿಸಿ ಎಂದು ಕೊಟ್ಟ ದೂರಿಗೆ ವಾರ ಕಳೆದರೂ ಉತ್ತರವಿಲ್ಲವೆಂದು ಫೋನ್ ಮಾಡಿದರೆ, ಉತ್ತರ ಕಳಿಸಿ ಟಿಕೆಟನ್ನೂ ಮುಚ್ಚಿದ್ದೇವೆ ಎಂದರು. ಕಂಪನಿಯೊಳಗಿಂದಲೇ ಹೊರಟ ಆ ಉತ್ತರವೂ ಹಳೆಯ ಮೇಲ್‌ಬಾಕ್ಸಿನಲ್ಲೇ ಬಿದ್ದಿತ್ತು. ಈ ಸೇವೆಯಿಂದ ಹೊರಬರುವವರು ಎಂಎಕ್ಸ್ ಬದಲಿಸಿ ಸುಮ್ಮನಾಗದೆ, ಸರ್ವರಿನ ಸ್ಥಳೀಯ ಪಟ್ಟಿಯಿಂದ ತಮ್ಮ ಡೊಮೈನನ್ನು ತೆಗೆಸಿ, ಅದೇ ಕಂಪನಿಯ ಮೇಲ್ ಇರುವ ನೆರೆಯವರೊಬ್ಬರಿಂದ ಪತ್ರವೊಂದನ್ನು ಕಳಿಸಿ ನೋಡಬೇಕು; ದೂರು ಕೊಡುವಾಗ ಉತ್ತರಕ್ಕೆ ಬೇರೆ ವಿಳಾಸ ಬರೆದುಕೊಡಬೇಕು.